ತರಂಗ್: ರೇಡಾರ್ ಸುಳಿವು ಹಿಡಿಯುವ ಗ್ರಾಹಕ

1965ರ ಜುಲೈ 24ರಂದು ಉತ್ತರ ವಿಯೆಟ್ನಾಂನ ಆಕಾಶದಲ್ಲಿ ಸೋವಿಯತ್ ನಿರ್ಮಿತ ಕ್ಷಿಪಣಿಯೊಂದು ಅಮೆರಿಕದ ಫ್ಯಾಂಟಮ್ ವಿಮಾನವನ್ನು ಹೊಡೆದುರುಳಿಸಿತು. ಶತ್ರುವಿನ ರೇಡಾರ್ ತನ್ನನ್ನು ಹುಡುಕುತ್ತಿದೆ ಎಂದು ಪೈಲಟ್‌ಗೆ ಮೊದಲೇ ತಿಳಿಸುವ ಉಪಕರಣ ಆ ಬಳಿಕ ತುರ್ತು ಅಗತ್ಯವಾಯಿತು.

‘ತರಂಗ್’ ಅಂಥದೇ ಉಪಕರಣ. ವಿನ್ಯಾಸ ಡಿಆರ್‌ಡಿಒಗೆ ಸೇರಿದ ಬೆಂಗಳೂರಿನ ಡೇರ್ ಪ್ರಯೋಗಾಲಯದ್ದು, ತಯಾರಿಕೆ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕಂಪನಿಯದು. ಭಾರತೀಯ ವಾಯುಪಡೆಯ ಸುಖೋಯ್-30 ಎಂಕೆಐ ವಿಮಾನಗಳಲ್ಲಿ ಇದು ಬಳಕೆಯಲ್ಲಿದೆ.

ಮನೆಯ ರೇಡಿಯೊದಲ್ಲಿ ಬೇಕಾದ ಸ್ಟೇಷನ್‌ಗೆ ಮುಳ್ಳು ತಿರುಗಿಸಿದರೆ ಸಾಕು. ಇಲ್ಲಿ ಸ್ಟೇಷನ್ ಯಾವುದೆಂದೇ ಗೊತ್ತಿಲ್ಲ. ಆದ್ದರಿಂದ ಈ ಬಗೆಯ ಗ್ರಾಹಕಗಳು ಸಾಮಾನ್ಯವಾಗಿ 2ರಿಂದ 18 ಗಿಗಾಹರ್ಟ್ಸ್‌ವರೆಗೆ ಕಾವಲು ಕಾಯುತ್ತವೆ. ವಿನ್ಯಾಸಕಾರರ ಇಕ್ಕಟ್ಟು ಇರುವುದೇ ಇಲ್ಲಿ: ಒಮ್ಮೆಗೆ ಆಲಿಸುವ ಆವರ್ತನಗಳ ಹರವು ಹಿಗ್ಗಿದರೆ ಗದ್ದಲವೂ ಹೆಚ್ಚಿ ಕ್ಷೀಣ ಸಂಕೇತ ಮುಳುಗುತ್ತದೆ, ಕುಗ್ಗಿಸಿ ತುಣುಕು ತುಣುಕಾಗಿ ಹುಡುಕಿದರೆ ರೇಡಾರ್‌ನ ಕ್ಷಣಿಕ ಮಿಡಿತ (ಪಲ್ಸ್) ತಪ್ಪಿಹೋಗುತ್ತದೆ.

ಒಂದು ಅನುಕೂಲವೂ ಉಂಟು. ರೇಡಾರ್‌ನ ಅಲೆ ವಿಮಾನಕ್ಕೆ ತಾಗಿ ಮರಳುವಷ್ಟರಲ್ಲಿ ಬಹಳ ಸೊರಗಿರುತ್ತದೆ. ವಿಮಾನಕ್ಕೆ ಸಿಗುವುದು ಒಮ್ಮುಖ ಪಯಣದ ಬಲವಾದ ಅಲೆ.

ವಿಮಾನದ ನಾಲ್ಕು ದಿಕ್ಕಿಗೆ ಮುಖಮಾಡಿದ ಆಂಟೆನಾಗಳಿಗೆ ಬಿದ್ದ ಸಂಕೇತಗಳ ಬಲವನ್ನು ಹೋಲಿಸಿ ರೇಡಾರ್ ಇರುವ ದಿಕ್ಕನ್ನು ಅಂದಾಜಿಸುವುದು ಇಂಥ ಉಪಕರಣಗಳ ರೂಢಿಯ ವಿಧಾನ. ಮಿಡಿತಗಳ ಅಗಲ, ನಡುವಿನ ಅಂತರವನ್ನು ಕಂಪ್ಯೂಟರಿನಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡಿದಾಗ ಅದು ಯಾವ ಬಗೆಯ ರೇಡಾರ್ ಎಂಬುದು ಪೈಲಟ್‌ನ ಪರದೆಯ ಮೇಲೆ ಮೂಡುತ್ತದೆ.