ಸುದ್ದಿ ನಡೆದು ಬಂದ ದಾರಿ

ಆಡಿದ ಮಾತು ಕೂಗಳತೆಯ ಆಚೆಗೆ ಹೋಗಲಾರದು. ಅದನ್ನು ದೂರದವರಿಗೂ ಮುಂದಿನವರಿಗೂ ಮುಟ್ಟಿಸಬೇಕಾದರೆ ಒಂದು ವಾಹನ ಬೇಕು. ಕಲ್ಲು, ಓಲೆ, ಕಡತ, ಅಚ್ಚು, ಅಂಚೆ, ಬಾನುಲಿ ಇವೆಲ್ಲ ಕನ್ನಡದ ಮಾತು ಏರಿ ಬಂದ ವಾಹನಗಳು. ನಾಡನ್ನು ಬಿಟ್ಟು ಬಂದು ಈ ಮುಂಬಯಿಯಲ್ಲಿ ನೆಲೆಸಿರುವ ನಮಗೆ ಇವುಗಳ ಕಥೆ ಬರಿಯ ಪಂಡಿತರ ವಿಷಯವಲ್ಲ. ಊರಿಗೂ ನಮಗೂ ನಡುವಣ ನಂಟು ಬಹುಕಾಲ ಇವುಗಳನ್ನೇ ನೆಚ್ಚಿಕೊಂಡಿತ್ತು.

ಎಲ್ಲಕ್ಕೂ ಹಿರಿಯದು ಕಲ್ಲು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನ ಆಜ್ಞೆಗಳು ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳನ್ನೇರಿದುವು. ಆದರೆ ಅವುಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಲ್ಲಿನ ಮೇಲೆ ಕನ್ನಡವೇ ಮಾತನಾಡುವುದನ್ನು ಕಾಣಲು ನಾವು ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದವರೆಗೆ ಕಾಯಬೇಕು. ಆಮೇಲೆ ಕಲ್ಲು ದೊರೆಗಳ ಸೊತ್ತಾಗಿ ಮಾತ್ರ ಉಳಿಯಲಿಲ್ಲ. 10ನೆಯ ಶತಮಾನದ ಆತಕೂರು ಶಾಸನ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತುದನ್ನು ಹೇಳುತ್ತದೆ. ಒಂದು ನಾಯಿಯ ಹೆಸರು ಸಾವಿರ ವರ್ಷ ದಾಟಿ ನಮಗೆ ತಲಪಿತೆಂದರೆ ಕಲ್ಲಿನ ಬಾಳಿಕೆ ಎಷ್ಟೆಂಬುದು ತಿಳಿದೀತು. ಆದರೆ ಕಲ್ಲು ಕದಲದು. ಓದುವವನೇ ಅದರ ಬಳಿಗೆ ನಡೆದು ಹೋಗಬೇಕು. ಓದು ಬಾರದವರಿಗೆ ಡಂಗುರವೇ ಗತಿ.

ನಡೆದಾಡುವ ಬರಹವಾಗಿ ಬಂದುದು ತಾಳೆಯೋಲೆ. ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮಸಿ ಸವರಿ ಒರಸಿದರೆ ಬರಹ ಎದ್ದು ಕಾಣುತ್ತಿತ್ತು. ಓಲೆಗೆ ಹುಳುವಿನ ಭಯ. ಕಾಲಕಾಲಕ್ಕೆ ಪ್ರತಿ ಮಾಡದಿದ್ದರೆ ಗ್ರಂಥವೇ ಇಲ್ಲವಾಗುವುದು. ಕ್ರಿ.ಶ. 1000ದ ಸುಮಾರಿನಲ್ಲಿದ್ದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದುದನ್ನು ನೆನೆದರೆ ಆಕೆಯ ದಾನದ ದೊಡ್ಡಸ್ತಿಕೆ ಮನವರಿಕೆಯಾಗುತ್ತದೆ. ದಿನಬಳಕೆಯ ಲೆಕ್ಕಪತ್ರಕ್ಕೆ ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಆ ವಸ್ತು ಮರೆಯಾಯಿತು. ಆದರೆ ಕಚೇರಿಯ ಕಾಗದದ ಕಟ್ಟಿಗೆ ನಾವು ಇಂದಿಗೂ ಕಡತವೆಂದೇ ಹೇಳುತ್ತೇವೆ.

ಕನ್ನಡದ ಅಚ್ಚಿನ ಮೊದಲ ಹೆಜ್ಜೆಗಳಲ್ಲೊಂದು ನಾಡಿನ ಹೊರಗೇ ಬಿದ್ದುದು ಹೊರನಾಡಿಗರಾದ ನಮಗೆ ಕುತೂಹಲದ ಸಂಗತಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಪಾಕ್ಷಿಕವನ್ನು ಹೊರಡಿಸಿದರು. ಕನ್ನಡದ ಈ ಮೊದಲ ಪತ್ರಿಕೆ ಅಚ್ಚಾದುದು ಕಲ್ಲಚ್ಚಿನಲ್ಲಿ. ಒಂದೆಡೆ ನೆಟ್ಟಿದ್ದ ಕಲ್ಲು ಈಗ ಕಾಗದದ ಮೇಲೆ ಊರೂರಿಗೆ ಹೊರಟಿತೆನ್ನಬಹುದು. ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಆಳುವವರು ಬೇರೆ ಬೇರೆಯಾದರೂ ಓದುವ ಭಾಷೆ ಒಂದೇ ಎಂಬ ಅರಿವನ್ನು ಜನರಲ್ಲಿ ಬೆಳೆಸಿದುವುಗಳಲ್ಲಿ ಪತ್ರಿಕೆಗಳೂ ಪುಸ್ತಕಗಳೂ ಮುಖ್ಯವಾದುವು. 1956ರ ನವೆಂಬರ್ 1ರ ಏಕೀಕರಣಕ್ಕೆ ನೆಲ ಹದಮಾಡಿದವರಲ್ಲಿ ಅಕ್ಷರ ಜೋಡಿಸುವ ಕೈಗಳೂ ಸೇರಿವೆ.

ಪತ್ರಿಕೆ ಎಲ್ಲರಿಗೂ ಹೇಳುವ ಮಾತಾದರೆ, ಕಾಗದ ಒಬ್ಬರು ಒಬ್ಬರಿಗೆ ಹೇಳುವ ಮಾತು. ಮೈಸೂರಿನಲ್ಲಿ 17ನೆಯ ಶತಮಾನದ ಕೊನೆಯ ಭಾಗದಲ್ಲೇ ಚಿಕ್ಕದೇವರಾಜ ಒಡೆಯರು ಅಂಚೆಯ ಏರ್ಪಾಡು ಮಾಡಿದ್ದರು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದ ಮೇಲೆ ಬಡವನೂ ಊರಿಗೆ ಸುದ್ದಿ ಕಳಿಸುವಂತಾಯಿತು. 'ಉಭಯ ಕುಶಲೋಪರಿ ಸಾಂಪ್ರತ' ಎಂದು ತೊಡಗಿ ಮಳೆ, ಬೆಳೆ, ಸಾಲ, ಮದುವೆ, ಬಾಣಂತನಗಳನ್ನೆಲ್ಲ ಆ ಅಂಗೈಯಗಲದಲ್ಲಿ ತುಂಬುತ್ತಿದ್ದರು. ಜಾಗ ಸಾಲದಿದ್ದರೆ ಅಂಚಿನಲ್ಲಿ ಅಡ್ಡಲಾಗಿ ಬರೆಯುತ್ತಿದ್ದರು. ಓದು ಬಾರದವರು ನೆರೆಯವರಿಂದ ಓದಿಸಿಕೊಳ್ಳಬೇಕಾಗಿತ್ತು. ಮನೆಯ ಗುಟ್ಟು ಪರರ ಬಾಯಿಗೆ ಬೀಳುತ್ತಿತ್ತು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗೆ ಈ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದುವು. ತಾಯಿಗೆ ತಾನೇ ಕಾಗದ ಬರೆಯಬಲ್ಲೆನೆಂಬುದು ಆ ಹುಡುಗನಿಗೆ ಸಣ್ಣ ಲಾಭವೇನಲ್ಲ.

ಮುಂದಿನದು ವೇಗದ ಕಥೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು; ಅದರ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. 1950ರಲ್ಲಿ ಧಾರವಾಡದ ಕೇಂದ್ರ ಆರಂಭವಾಯಿತು. ಬಾಗಿಲಿಗೆ ಬಂದರೆ ಎದೆ ನಡುಗಿಸುತ್ತಿದ್ದ ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಗಣಕಯಂತ್ರಗಳ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಇಂದು ಅಂಗೈಯ ದೂರವಾಣಿಯಲ್ಲಿ ಊರಿನ ಅಜ್ಜಿಯ ದನಿಯೂ ಮುಖವೂ ಕ್ಷಣದಲ್ಲಿ ನಮ್ಮೆದುರಿಗಿವೆ.

ಇದು ಸಂತೋಷದ ಮಾತೇ ಸರಿ. ಆದರೆ ಒಂದು ನಷ್ಟವನ್ನು ನಾವು ಗಮನಿಸಬೇಕು. ಕಲ್ಲಿನಿಂದ ಕಾರ್ಡಿನವರೆಗೆ ಈ ವಾಹನಗಳಿಗೆಲ್ಲ ಅಕ್ಷರ ಬೇಕಾಗಿತ್ತು. ದೂರವಾಣಿಯ ಮಾತಿಗೆ ಬೇಡ. ಅಜ್ಜಿಯೊಡನೆ ಕನ್ನಡದಲ್ಲಿ ಚೆನ್ನಾಗಿ ಮಾತನಾಡುವ ಮಗು ಅದೇ ಅಜ್ಜಿ ಬರೆದ ಹಳೆಯ ಕಾಗದವನ್ನು ಓದಲಾರದು. ಮನೆಯ ಪೆಟ್ಟಿಗೆಯಲ್ಲಿರುವ ಆ ಕಾಗದಗಳು ಮಗುವಿನ ಪಾಲಿಗೆ ಬ್ರಾಹ್ಮಿಯ ಶಾಸನಗಳೇ ಆಗಿಬಿಡುತ್ತವೆ. ಬ್ರಾಹ್ಮಿಯನ್ನು ಓದಿಹೇಳಲು ವಿದ್ವಾಂಸರು ಮುಂದೆ ಬಂದರು. ನಮ್ಮ ಮನೆಯ ಕಾಗದಗಳನ್ನು ಓದಲು ನಮ್ಮ ಮಕ್ಕಳಲ್ಲದೆ ಬೇರೆ ಯಾರು ಬರುವರು?

ಪರಿಹಾರ ದೂರದಲ್ಲಿಲ್ಲ. ವಾರಕ್ಕೆ ಒಂದು ಗಂಟೆ ಕಾಗುಣಿತಕ್ಕೆ ಮೀಸಲಿಟ್ಟರೆ ಒಂದು ವರ್ಷದಲ್ಲಿ ಮಗು ನಾಲ್ಕು ಸಾಲು ಬರೆಯಬಲ್ಲುದು. ಈ ರಾಜ್ಯೋತ್ಸವದಲ್ಲಿ ತೊಡಗೋಣ. ಬರುವ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಮನೆಮನೆಯಿಂದ ಊರಿಗೆ ಒಂದೊಂದು ಕನ್ನಡ ಕಾಗದ, ಮಕ್ಕಳ ಕೈಬರಹದಲ್ಲಿ, ಹೊರಡಲಿ.