ರೇಷ್ಮೆ ಪತಂಗಗಳ ಚಳಿಗಾಲದ ಸುಪ್ತಾವಸ್ಥೆ

ಶೀತಪ್ರದೇಶದ ರೇಷ್ಮೆ ಪತಂಗಗಳು ಬೆಳವಣಿಗೆಯನ್ನು ತಡೆಹಿಡಿದು ಚಳಿಗಾಲ ಕಳೆಯುವ ಸ್ಥಿತಿಯೇ ಸುಪ್ತಾವಸ್ಥೆ (ಡಯಾಪಾಸ್). ಚಳಿಗೆ ಮರಗಟ್ಟುವುದು ಬೇರೆ, ಇದು ಬೇರೆ. ಚಳಿ ಬರುವ ಮೊದಲೇ ಹಾರ್ಮೋನುಗಳಿಂದ ಇದು ಶುರುವಾಗುತ್ತದೆ. ನಡುವೆ ನಾಲ್ಕು ದಿನ ಬಿಸಿಲು ಕಾದರೂ ಮುರಿಯುವುದಿಲ್ಲ. ಪ್ರತಿ ಪ್ರಭೇದವೂ ಸಾಮಾನ್ಯವಾಗಿ ತನ್ನ ಜೀವನಚಕ್ರದ ಗೊತ್ತಾದ ಒಂದು ಹಂತದಲ್ಲಿ ಹೀಗೆ ತಡೆದು ನಿಲ್ಲುತ್ತದೆ. ಆ ಹಂತ ಮಾತ್ರ ಹತ್ತಿರದ ಬಂಧುಗಳಲ್ಲೂ ಒಂದೇ ಆಗಿರಬೇಕಿಲ್ಲ.

ಆಂಥೀರಿಯಾ ಕುಲ ಇದಕ್ಕೆ ಒಳ್ಳೆಯ ಸಾಕ್ಷಿ. ಜಪಾನಿನ ಆಂಥೀರಿಯಾ ಯಮಮಾಯ್, ಚೀನಾದ ಆಂಥೀರಿಯಾ ಪೆರ್ನಿ ಎರಡೂ ಓಕ್ ಎಲೆ ತಿನ್ನುತ್ತವೆ. ಇವುಗಳ ನಡುವೆ ಮಿಶ್ರತಳಿಯೂ ಸಾಧ್ಯ. ಆದರೂ ಯಮಮಾಯ್‌ನ ಮರಿಹುಳು ಮೊಟ್ಟೆಯೊಳಗೇ ಪೂರ್ತಿ ಬೆಳೆದು, ಹೊರಬರದೆ ವಸಂತದವರೆಗೆ ಅಲ್ಲೇ ಉಳಿಯುತ್ತದೆ. ಪೆರ್ನಿ ಗೂಡು ಕಟ್ಟಿ ಕೋಶಾವಸ್ಥೆಯಲ್ಲಿ ಕಾಯುತ್ತದೆ. ಗೂಡು ದಾಟಿ ಬರುವ ಬೆಳಕನ್ನು ಕೋಶದ ಮಿದುಳೇ ನೇರವಾಗಿ ಗ್ರಹಿಸಿ ಹಗಲಿನ ಉದ್ದ ಅಳೆಯುತ್ತದೆಂದು ವಿಜ್ಞಾನಿಗಳಾದ ವಿಲಿಯಮ್ಸ್ ಮತ್ತು ಆಡ್ಕಿಸನ್ 1964ರಲ್ಲಿ ತೋರಿಸಿದರು.

ಹಿಪ್ಪುನೇರಳೆ ರೇಷ್ಮೆಹುಳು (ಬಾಂಬಿಕ್ಸ್ ಮೋರಿ) ಕೂಡ ಮೊಟ್ಟೆಯಲ್ಲೇ ನಿಲ್ಲುತ್ತದೆ, ಆದರೆ ಭ್ರೂಣ ಇನ್ನೂ ಎಳೆಯದಾಗಿರುವಾಗ. ಮೊಟ್ಟೆ ಕಪ್ಪಾಗುತ್ತದೆ, ಅದರಲ್ಲಿನ ಗ್ಲೈಕೋಜನ್ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಬದಲಾಗುತ್ತದೆ. ಮೊಟ್ಟೆ ಸುಪ್ತವಾಗಬೇಕೇ ಎಂಬುದನ್ನು ನಿರ್ಧರಿಸುವುದು ತಾಯಿ. ತಾಯಿಯೇ ಮೊಟ್ಟೆಯಾಗಿದ್ದಾಗ 25 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಬೆಳಕು ಕಂಡಿದ್ದರೆ ಅವಳ ಮೊಟ್ಟೆಗಳು ಸುಪ್ತವಾಗುತ್ತವೆ. 15 ಡಿಗ್ರಿಯ ಕತ್ತಲಲ್ಲಿದ್ದರೆ ಇಲ್ಲ. ತಾಯಿ ಕೋಶಾವಸ್ಥೆಯಲ್ಲಿರುವಾಗ ಸ್ರವಿಸುವ ಸುಪ್ತಿ ಹಾರ್ಮೋನೇ ಈ ಸಂದೇಶವಾಹಕವೆಂದು ಜಪಾನಿನ ಹಸೆಗಾವ ಮತ್ತು ಫುಕುಡ 1951ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡರು. ಸೋಜಿಗವೆಂದರೆ, ತೊಗರಿ-ಕಡಲೆಯ ಕಾಯಿಕೊರಕದ ಬಳಗದ ಪತಂಗಗಳಲ್ಲಿ ಇದೇ ಹಾರ್ಮೋನು ಕೋಶದ ಸುಪ್ತಾವಸ್ಥೆಯನ್ನು ಮುರಿಯುತ್ತದೆ. ವಿಕಾಸವು ಹೊಸ ಹಂತಕ್ಕೆ ಯಾವಾಗಲೂ ಹೊಸ ಯಂತ್ರವನ್ನೇ ಹುಡುಕುವುದಿಲ್ಲ. ಇದ್ದುದನ್ನೇ ತಿರುಗಿಸಿ ಬಳಸುತ್ತದೆ.

ಕಡುಚಳಿಯಿಲ್ಲದ ಕಡೆ ಹಿಪ್ಪುನೇರಳೆ ಹುಳುವಿಗೆ ಚಳಿಗಾಲದ ಸುಪ್ತಾವಸ್ಥೆ ಬೇಕಿಲ್ಲ. ಮೈಸೂರು ತಳಿಯ ಮೊಟ್ಟೆಗಳು ಇಟ್ಟ ಸುಮಾರು ಹತ್ತು ದಿನಕ್ಕೆ ಒಡೆಯುತ್ತವೆ. ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿಗಳ ಮೊಟ್ಟೆಗಳು ಸುಪ್ತಾವಸ್ಥೆಗೆ ಜಾರದಂತೆ, ಕರ್ನಾಟಕದ ಬಿತ್ತನೆ ಮೊಟ್ಟೆ ತಯಾರಿಸುವ ಕೋಠಿಗಳಲ್ಲಿ, ಇಟ್ಟ ಒಂದು ದಿನದೊಳಗೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿ ಗಂಡು ಕೂಡಿಸಿದ ಮಿಶ್ರತಳಿಯ ಮೊಟ್ಟೆಗಳಿಗೆ, ಗುಣ ತಾಯಿಯದಾದ್ದರಿಂದ, ಈ ಆಮ್ಲಸಂಸ್ಕಾರ ಬೇಕಾಗುವುದಿಲ್ಲ.