ಹಳೇ ಕಂಪ್ಯೂಟರಿಗೆ 25 ಸಾವಿರ

2025ರ ದಸರಾ ಮುಗದ ಮ್ಯಾಲೆ ನಮ್ಮ ಮನ್ಯಾಗ ಜಗಳ ಶುರು ಆತು. ಮಗಗ ಹೊಸಾ ಕಂಪ್ಯೂಟರ್ ಬೇಕು. ಇದ್ದದ್ದು 2017ರದು, ಅವರಕ್ಕ ಇಂಜಿನಿಯರಿಂಗ್ ಸೇರಿದಾಗ ನಮ್ಮ ಮಾವನವರು ಪೆನ್ಶನ್ ರೊಕ್ಕದಾಗ ಕೊಡಿಸಿದ್ದು. ಈಗ ಅದರಾಗ ಆಟ ಹಚ್ಚಿದ್ರ ಚಿತ್ರ ತಡದು ತಡದು ಬರ್ತದ. ಅದು ಚಾಲೂ ಆಗೂದ್ರಾಗ ನಂದು ಚಹಾ ಮಾಡಿ ಕುಡದು ಆಗಿರ್ತದ. ನಮ್ಮ ಯಜಮಾನ್ರು "ಗುಜರಿಗೆ ಹಾಕಿ ಕಂತಿನ ಮ್ಯಾಲೆ ಹೊಸಾದು ತರೂಣು" ಅಂದ್ರು. ಫ್ರಿಜ್ಜಿನ ಕಂತು ಮುಗದು ಮೂರು ತಿಂಗಳಾಗಿಲ್ಲ! ಬ್ಲೌಸ್ ಹೊಲದು ಬೆಂಡೋಲಿಗೆ ಅಂತ ಕೂಡಿಸಿಟ್ಟ ₹25,000 ನನ್ನ ಹತ್ರ ಇತ್ತು. "ಇದರಾಗ ಹಳೇದು ಸುಧಾರಿಸೂ ಹಂಗಿದ್ರ ಮಾಡೂಣು, ಕಂತು ಮಾತ್ರ ಬ್ಯಾಡ" ಅಂದೆ.

ಇನ್ನೊಂದು ಮಾತೂ ಇತ್ತು. ಮಾವನವರು ಹೋಗೂಕಿಂತ ಮೊದಲ ಹೇಳಿದ ಸಂಜಿ ಭಜನಿ, ಹಳೇ ಕಥಿ, ಎಲ್ಲಾ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಾಗ ಅವ. ಡಿಸ್ಕು ಎರಡು ತಿಂಗಳಿಂದ ಟಿಕ್ ಟಿಕ್ ಅಂತಿತ್ತು. ಗುಜರಿ ಅಂದಾಗ ನನಗ ಮೊದಲ ನೆನಪಾದದ್ದು ಅದು.

ರೊಕ್ಕ ನಂದು ಅಂದಮ್ಯಾಲೆ ತಿಳಕೊಂಡು ಖರ್ಚು ಮಾಡಬೇಕಲಾ. ನಗಬ್ಯಾಡ್ರಿ ವೈನಿ, ಒಂದು ವಾರ ರಾತ್ರಿ ಕೂತು ಓದಿದೆ.

ಕಂಪ್ಯೂಟರಿನ ಒಂದೊಂದ ಭಾಗ ಬಿಚ್ಚಿ ಬದಲಿ ಮಾಡಲಿಕ್ಕೆ ಬರ್ತದ ಅನ್ನೂದರ ಹಿಂದ ದೊಡ್ಡ ಕಥಿ ಅದ. 1981ರ ಆಗಸ್ಟ್‌ನಾಗ ಅಮೇರಿಕಾದ ಐಬಿಎಂ ತನ್ನ ಪಿಸಿ ಹೊರಗ ತಂತು. ಗಡಿಬಿಡಿಲೆ ಮಾಡಿದ್ದು, ಹಿಂಗಾಗಿ ಭಾಳಷ್ಟು ಸಾಮಾನು ಹೊರಗಿನವರದು: ಪ್ರೊಸೆಸರ್ ಇಂಟೆಲ್‌ದು, ಡಾಸ್ ಮೈಕ್ರೋಸಾಫ್ಟ್‌ದು. ಒಳಗ ಕಾರ್ಡು ಸಿಗಿಸಲಿಕ್ಕೆ ಐದು ಸ್ಲಾಟ್ ಇಟ್ಟು, ಒಳಗಿನ ನಕ್ಷೆನೂ ಪುಸ್ತಕದಾಗ ಅಚ್ಚು ಹಾಕಿ ಮಾರಿದ್ರು. ಮುಂದ ಬ್ಯಾರೆ ಕಂಪನಿಯವರು ಅದರಂಥಾದ್ದ ಮಾಡಲಿಕ್ಕೆ ಹತ್ತಿದ್ರು. 1995ರಾಗ ಇಂಟೆಲ್ ಎಟಿಎಕ್ಸ್ ಅಂತ ಅಳತಿ ಗೊತ್ತು ಮಾಡ್ತು, ಬೋರ್ಡಿನ ತೂತು ಎಲ್ಲೆಲ್ಲೆ ಇರಬೇಕು, ಪವರ್ ಸಪ್ಲೈ ಹೆಂಗ ಕೂಡಬೇಕು ಅಂತ. ಮಾವನವರ ಡಬ್ಬಿಗೆ ಇವತ್ತಿನ ಪವರ್ ಸಪ್ಲೈ ಸರಿಯಾಗಿ ಕೂತದ್ದು ಆ ಅಳತಿ ಪುಣ್ಯದಿಂದ.

ಆದ್ರ ಪ್ರೊಸೆಸರಿನ ಮಾತು ಹಂಗಲ್ಲ. ಅದು ಕೂಡೂ ಜಾಗಾಕ್ಕ ಸಾಕೆಟ್ ಅಂತಾರ, ಅದು ಥೇಟ್ ಮಿಕ್ಸರ್ ಜಾರಿನ ಕಥಿ. ನಮ್ಮ ಹಿಂದಿನ ಓಣಿ ವೈನಿಯವರೂ ಅದ 2017ರಾಗ ಇಂಟೆಲ್‌ದು ತಗೊಂಡಿದ್ರು, ಏಳನೇ ಪೀಳಿಗಿದು. ಅದ ವರ್ಷ ಅಕ್ಟೋಬರ್‌ನಾಗ ಎಂಟನೇದು ಬಂತು. ಸಾಕೆಟ್ಟಿನ ಹೆಸರಿನಾಗೂ 1151, ಅದರಾಗೂ 1151, ಆದ್ರ ಹಳೇ ಬೋರ್ಡಿನಾಗ ನಡಿಯೂದಿಲ್ಲ! ಜಾರು ಕೂಡ್ತದ, ತಿರಗೂದಿಲ್ಲ. ಈಗ ಅವರು ಹೊಸಾ ಪ್ರೊಸೆಸರ್ ಹಾಕಬೇಕಂದ್ರ ಬೋರ್ಡೂ ಬದಲಿ ಮಾಡಬೇಕು.

ನಮ್ಮದು ಎಎಂಡಿ ರೈಜನ್ 5 1600. ರೈಜನ್ ಪೇಟೆಗೆ ಬಂದದ್ದು 2017ರ ಮಾರ್ಚ್ 2ಕ್ಕ, ಎಎಂ4 ಅನ್ನೂ ಸಾಕೆಟ್ಟಿನ ಮ್ಯಾಲೆ. 2020ರ ತನಕ ಇದ ಸಾಕೆಟ್ ನಡಸ್ತೀವಿ ಅಂತ ಎಎಂಡಿ ಮಾತು ಕೊಟ್ಟಿತ್ತು. 2020ರ ಮೇದಾಗ, ಬರೂ ಹೊಸಾ ಪ್ರೊಸೆಸರ್ ಹಿಂದಿನ ಬೋರ್ಡಿಗೆ ಆಗೂದಿಲ್ಲ ಅಂದಕೂಡ್ಲೆ ಗಿರಾಕಿಗಳು ಗದ್ದಲ ಹಾಕಿದ್ರು, ಅದ ತಿಂಗಳು ಮಾತು ತಿರುಗಿಸಿದ್ರು. 2022ಕ್ಕ ನಮ್ಮಂಥಾ ಮೊದಲನೇ ಸಾಲಿನ ಬೋರ್ಡಿಗೂ ರೈಜನ್ 5000 ಹಾಕಲಿಕ್ಕೆ ಒಪ್ಪಿಗಿ ಸಿಕ್ಕಿತು. ಬಯಾಸ್ ಅಂತ ಬೋರ್ಡಿನ ಒಳಗಿನ ಸಾಫ್ಟ್‌ವೇರ್ ಹೊಸಾದು ಮಾಡಿಕೊಂಡ್ರ ಆತು. ಮಾವನವರು ಇದನ್ನೆಲ್ಲಾ ವಿಚಾರ ಮಾಡಿ ತಂದಿದ್ರು ಅಂತಲ್ಲ ಮತ್ತ. ಅಂಗಡಿಯಾಂವ ಇದು ಸಸ್ತಾ ಬೀಳ್ತದ ಅಂದ, ಅವರು ಹೂಂ ಅಂದ್ರು, ಅಷ್ಟ.

ಹಂಗಿದ್ರ ಮೊದಲ ಪ್ರೊಸೆಸರ್ ಹಾಕೋಣೇನು ಅಂತ ನಾನು. ಮಗ ಆಟ ಹಚ್ಚಿ ತೋರಿಸಿದ. ಗ್ರಾಫಿಕ್ಸ್ ಕಾರ್ಡು ನೂರಕ್ಕ ತೊಂಬತ್ತೊಂಬತ್ತು ದುಡೀತಿತ್ತು, ಪ್ರೊಸೆಸರ್ ಅರ್ಧಾ ಖಾಲಿ ಕೂತಿತ್ತು. ಚಪಾತಿ ಲಟ್ಟಿಸೋರು ಇಬ್ಬರಾದ್ರೂ ಹಂಚು ಒಂದ ಇದ್ರ ಏನುಪಯೋಗ? ನಮ್ಮ ಹಂಚು ಅಂದ್ರ ಜಿಟಿಎಕ್ಸ್ 1050 ಟಿಐ, 2016ರದು, 4 ಜಿಬಿ.

ಈ ಗ್ರಾಫಿಕ್ಸ್ ಕಾರ್ಡಿನ ರೇಟಿಗೂ ಒಂದು ಇತಿಹಾಸ ಅದ. 1996ರಾಗ ತ್ರೀಡಿಎಫ್‌ಎಕ್ಸ್ ಕಂಪನಿ ವೂಡೂ, 1999ರಾಗ ಎನ್‌ವಿಡಿಯಾದ ಜಿಫೋರ್ಸ್ 256, ಎಲ್ಲಾ ಹುಡುಗರ ಆಟದ ಸಲುವಾಗಿ ಹುಟ್ಟಿದ್ದು. ಮುಂದ ಅದ ಕಾರ್ಡಿನಾಗ ಎಥೀರಿಯಂ ಅನ್ನೂ ಡಿಜಿಟಲ್ ನಾಣ್ಯ ಗಳಸಬಹುದು ಅಂತ ಗೊತ್ತಾಗಿ ಜನ ರಾಶಿಗಟ್ಟಲೆ ಕೊಂಡ್ರು. 2021ರಾಗಂತೂ ಕಾರ್ಡು ಸಿಗೂದ ಕಠಿಣ. 2022ರ ಸೆಪ್ಟೆಂಬರ್ 15ಕ್ಕ ಎಥೀರಿಯಂ ತನ್ನ ಪದ್ಧತಿ ಬದಲಿ ಮಾಡ್ತು, ಕಾರ್ಡಿನ ಕೆಲಸ ಮುಗೀತು, ಹಗಲೂ ರಾತ್ರಿ ದುಡದ ಕಾರ್ಡು ಪೇಟೆಗೆ ಬಂದು ಬಿದ್ದವು.

ಮಗ ಅಂಥಾದ್ದ ಒಂದು ₹9,000ಕ್ಕ ಹುಡಕಿದ. ಬಿಲ್ ಇಲ್ಲ, ಹಚ್ಚಿ ತೋರಸ್ರಿ ಅಂದ್ರ ಟೈಮಿಲ್ಲ ಅಂದ ಮಾರಾಂವ. ನಾನು ಸೀರಿ ಆದ್ರೂ ಬಿಚ್ಚಿ ನೋಡದ ತಗೊಳ್ಳೂದಿಲ್ಲ. ಎಂಟು ದಿನ ಬಿಟ್ಟು ಹುಬ್ಬಳ್ಳಿಯೊಳಗ ಒಬ್ಬ ಹುಡುಗ ಸಿಕ್ಕ, ಆರ್‌ಎಕ್ಸ್ 6600, 8 ಜಿಬಿ, ಬಿಲ್ ಇತ್ತು, ತನ್ನ ಮನ್ಯಾಗ ಅರ್ಧಾ ತಾಸು ಹಚ್ಚಿ ತೋರಿಸಿದ. ₹13,500.

ಇನ್ನೊಂದು ಜಗಳ ಪವರ್ ಸಪ್ಲೈದು. ಹಳೇ ಕಾರ್ಡು 75 ವ್ಯಾಟ್ ತಿಂತಿತ್ತು, ಅದು ಸ್ಲಾಟಿನಿಂದನ ಸಿಗ್ತದ, ಬ್ಯಾರೆ ವೈರು ಬೇಕಿಲ್ಲ. ಹೊಸಾದಕ್ಕ 132 ವ್ಯಾಟ್, ಎಂಟು ಪಿನ್ನಿನ ವೈರು. ನಮ್ಮ ಹಳೇ ಸಪ್ಲೈಕ್ಕ ಆ ವೈರ ಇಲ್ಲ. "ಅಡಾಪ್ಟರ್ ಹಾಕಿದ್ರ ನಡೀತದ ಅವ್ವಾ" ಅಂದ. ಸಸ್ತಾ ಎಕ್ಸ್‌ಟೆನ್ಶನ್ ಬೋರ್ಡಿಗೆ ಗ್ರೈಂಡರ್ ಹಚ್ಚಿ ಗ್ವಾಡಿ ಕರ್ರಗಾದದ್ದು ನಿಮಗೆಲ್ಲಾ ನೆನಪಿರಬೇಕು. ನಾನು ಜಗ್ಗಲಿಲ್ಲ. 550 ವ್ಯಾಟಿಂದು ಹೊಸಾದ, ವಾರಂಟಿ ಇದ್ದದ್ದು, ₹4,000 ಕೊಟ್ಟೆ. ಮಗ ಎರಡು ದಿನ ಮಾತಾಡಲಿಲ್ಲ, ಆ ರೊಕ್ಕದಾಗ ಇನ್ನೂ ದೊಡ್ಡ ಕಾರ್ಡು ಬರ್ತಿತ್ತು ಅಂತ.

500 ಜಿಬಿ ಎಸ್‌ಎಸ್‌ಡಿಗೆ ₹3,200, ಇದ್ದ 8 ಜಿಬಿ ರ‍್ಯಾಮಿಗೆ ಜೋಡಿ ಇನ್ನೊಂದು 8 ಜಿಬಿ ₹3,000. ರ‍್ಯಾಮ್ ಆ ವರ್ಷ ತುಟ್ಟಿ ಆಗಿತ್ತು. ಕಂಪನಿಯವರು ಹಳೇ ಡಿಡಿಆರ್4 ಕಡಿಮಿ ಮಾಡಿ ಎಐ ಕಂಪ್ಯೂಟರಿಗೆ ಬೇಕಾಗೂ ಮೆಮರಿ ಮಾಡಲಿಕ್ಕೆ ಹತ್ಯಾರ.

ಪ್ರೊಸೆಸರ್ ಬಿಟ್ಟೆ. ವಿಂಡೋಸ್ 10ರ ರಕ್ಷಣಾ ಅಕ್ಟೋಬರ್ 14ಕ್ಕ ಮುಗೀತು, ನಮ್ಮ ರೈಜನ್ 1600 ವಿಂಡೋಸ್ 11ರ ಯಾದಿಯೊಳಗ ಇಲ್ಲ, ಅದು ಖರೆ. ಆದ್ರ ಹೆಸರು ನೋಂದಿಸಿಕೊಂಡವರಿಗೆ 2026ರ ಅಕ್ಟೋಬರ್ ತನಕ ಸುರಕ್ಷತಾ ಅಪ್‌ಡೇಟ್ ಸಿಗ್ತದ. ಅಲ್ಲಿತನಕ ರೈಜನ್ 5 5600ಕ್ಕ ರೊಕ್ಕ ಕೂಡಸೂಣು. ಹಿಂದಿನ ಓಣಿ ವೈನಿಗೆ ಹಿಂಗ ಕಾಯೂ ಅನುಕೂಲ ಇಲ್ಲ, ಬೋರ್ಡು, ಪ್ರೊಸೆಸರ್ ಕೂಡೇ ತರಬೇಕು.

ಸಾಮಾನು ಬಂದ ದಿನ ಡಬ್ಬಿ ಬಿಚ್ಚೂಕಿಂತ ಮೊದಲ ಮಾವನವರ ಭಜನಿ ನಕಲು ಮಾಡಸಿದೆ, ಮಗಳ ಲ್ಯಾಪ್‌ಟಾಪಿಗೆ ಒಂದು, ಪೆನ್‌ಡ್ರೈವಿಗೆ ಒಂದು. 31 ಫೈಲು ಬಂದ್ವು, ಎರಡು ಬರಲಿಲ್ಲ. ಅವೆರಡರಾಗ ಏನಿತ್ತು ಅಂತ ಯಾರಿಗೂ ನೆನಪಿಲ್ಲ. ಆಮ್ಯಾಲೆ ಮಗ ಬ್ರಶ್ ತಗೊಂಡು ಎಂಟು ವರ್ಷದ ಧೂಳು ಝಾಡಿಸಿ ಎಲ್ಲಾ ಜೋಡಿಸಿದ. ಈಗ ಚಹಾದ ನೀರು ಕುದಿಯೂದ್ರಾಗ ಅದು ಚಾಲೂ ಆಗಿರ್ತದ.

₹1,300 ಉಳದದ, ಸಾಸಿವಿ ಡಬ್ಬ್ಯಾಗ ಇಟ್ಟೀನಿ. ಪ್ರೊಸೆಸರಿಗೆ ಅಂತ ಮಗ, ಬೆಂಡೋಲಿಗೆ ಅಂತ ನಾನು.